ಕೊಶಿತ್ಸೆ ರೇಡಿಯೋದ ದನಿ

ಉಝ್‌ಹೊರೊದ್,
೧೮ ಆಗಸ್ಟ್ ೧೯೬೮

ಪ್ರೀತಿಯ ಮಗಳು ಯೊಲಾನಾಗೆ,

ಹೇಗಿದ್ದೀಯ ಕಂದ? ಮಗು ಮಿಲಾನ್‌ನ ಕೆಮ್ಮು ಬಿಟ್ಟಿತೇ? ಅಳಿಯಂದಿರು ಕ್ಷೇಮ ತಾನೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ, ನಿಮ್ಮಪ್ಪನಿಗೆ ನಿದ್ದೆಯಿಲ್ಲ. ಅಂಚೆಗೆ ಹಾಕುವ ಧೈರ್ಯವಾಗದೆ ಈ ಕಾಗದವನ್ನು ರೈಲಿನ ಗಾರ್ಡ್ ಇಶ್ತ್ವಾನ್ ಕೈಲಿ ಕಳಿಸುತ್ತಿದ್ದೇನೆ.

ಗಡಿಯಾಚೆ ಪ್ರಾಗ್‌ನಲ್ಲಿ ನಿಮ್ಮ ಪಕ್ಷದವರು ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗ ತೆಗೆದಾಗಿನಿಂದ ಇಲ್ಲಿ ನಿಮ್ಮಪ್ಪನ ಪಕ್ಷದ ಕಚೇರಿಯವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ವಸಂತದಲ್ಲಿ, ಗೆಳೆಯರ ದೇಶ, ಏನೋ ಸುಧಾರಿಸಿಕೊಳ್ಳುತ್ತಿದೆ ಎನ್ನುತ್ತಿದ್ದರು. ಈಗ ಮಾಳಿಗೆಯ ಆಂಟೆನಾ ನಿಮ್ಮ ಕಡೆ ತಿರುಗಿದ್ದರೂ ತಪ್ಪು. ಹೋದ ತಿಂಗಳು ಕೀವ್‌ನ ದೊಡ್ಡ ಅಧಿಕಾರಿ ಪ್ರೊಕೊಪೆಂಕೊ ನಮ್ಮನೆಗೆ ಊಟಕ್ಕೆ ಬಂದಿದ್ದರು. ಬೊಗ್ರಾಚ್ ಮಾಂಸದ ಸಾರನ್ನು ಎರಡು ಸಲ ಹಾಕಿಸಿಕೊಂಡರು, ಹೊಗಳಿದರು, ಆಮೇಲೆ ಅವರ ಕಣ್ಣು ಗಡಿಯಾರದ ಮೇಲೆ ಬಿತ್ತು. ಕಚೇರಿಗೆ ಮಾಸ್ಕೋ ಗಂಟೆ, ಮನೆಗೆ ಅದಕ್ಕಿಂತ ಎರಡು ಗಂಟೆ ಹಿಂದಿರುವ ನಮ್ಮ ಹಳೇ ಕಾಲದ ಗಂಟೆ ಎಂದು ಈ ಊರೇ ಬಾಳಿಲ್ಲವೇ? ಅವರು ಬರುವ ಮುಂಚೆ ಅದನ್ನು ತಿರುಗಿಸಿಡಬೇಕೆಂದು ನನಗೆ ನೆನಪೂ ಆಗಲಿಲ್ಲ ನೋಡು.

"ಏನ್ರೀ ಫೆದೋರ್, ನಿಮ್ಮನೇಲಿ ಇನ್ನೂ ಪ್ರಾಗ್ ಟೈಮೇ ನಡೀತಿದ್ಯಾ?" ಎಂದು ನಗುತ್ತ ಕೇಳಿದರು. ಕೆಟ್ಟುಹೋಗಿದೆ ಎಂದು ನಿಮ್ಮಪ್ಪ ತೊದಲಿದರು. ಆ ಮನುಷ್ಯ ತಾನೇ ಸ್ಟೂಲು ಹತ್ತಿ ಮುಳ್ಳುಗಳನ್ನು ಎರಡು ಗಂಟೆ ಮುಂದೆ ತಿರುಗಿಸಿದ, ನಗುತ್ತಲೇ. ಅದನ್ನು ಹಿಂದಕ್ಕಿಡಲು ನಮ್ಮಿಬ್ಬರಿಗೂ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ನೀನು ವಾರ್ತೆ ಓದುವುದನ್ನು ಕೇಳೋಣವೆಂದು ಈ ಪೆದ್ದಿ ಅದೇ ಗಡಿಯಾರ ನೋಡಿಕೊಂಡು ಆರಕ್ಕೆ ರೇಡಿಯೋ ಹಚ್ಚಿದೆ. ಬರೀ ಸಂಗೀತ. ನಿನ್ನನ್ನು ಹಿಡಿದುಕೊಂಡೇ ಹೋದರು ಅಂದುಕೊಂಡೆ ಮಗಳೇ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ನಿಮ್ಮಪ್ಪ ಎದ್ದು ಬಂದು ಬೈದರು, ಅಲ್ಲಿನ್ನೂ ನಾಲ್ಕು ಗಂಟೆ ಎಂದರು. ಬೈದವರೇ ನೀನು ಮಾತಾಡುವವರೆಗೂ ನನ್ನ ಪಕ್ಕ ಕೂತಿದ್ದರು.

ಮೊನ್ನೆ ಪಕ್ಷದ ಸಭೆಯಲ್ಲಿ ಟೇಪು ಹಾಕಿದರಂತೆ. ನಿನ್ನದೇ ದನಿ, ಹೆದರದೆ ಮಾತಾಡುವ ದೇಶ ಬೇಕು ಎಂದು ನೀನು ರೇಡಿಯೋದಲ್ಲಿ ಓದಿದ ಆ ಮನವಿ. ಪ್ರೊಕೊಪೆಂಕೊ ನೇರವಾಗಿ ನಿಮ್ಮಪ್ಪನನ್ನೇ, "ಈ ಹುಡುಗಿ ಯಾರೂಂತ ಗೊತ್ತಾ?" ಎಂದು ಕೇಳಿದರಂತೆ. ಇವರು, "ಗೊತ್ತಿಲ್ಲ ಕಾಮ್ರೇಡ್" ಅಂದರಂತೆ. ಸುತ್ತ ಕೂತಿದ್ದವರೆಲ್ಲ ನಿನ್ನ ಮದುವೆಯಲ್ಲಿ ಕುಣಿದವರೇ. ಒಬ್ಬರೂ ತಲೆಯೆತ್ತಲಿಲ್ಲವಂತೆ. ಮನೆಗೆ ಬಂದು ಇದನ್ನು ಹೇಳಿ ಗೋಡೆಯ ಕಡೆ ತಿರುಗಿ ಅತ್ತರು. ನನಗೆ ಕೆಟ್ಟ ಸಿಟ್ಟು ಬಂತು. ಆದರೆ ನನ್ನನ್ನು ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ, ಯಾರಿಗೆ ಗೊತ್ತು? ಬೀದಿಯಲ್ಲಿ ಲಾರಿ ನಿಂತರೂ ಓಡಿಹೋಗಿ ಕಿಟಕಿಯ ಪರದೆ ಎಳೆಯುತ್ತೇನೆ. ಅಪ್ಪನನ್ನು ದೂರ ಮಾಡಬೇಡ.

ಮಗುವಿಗೆ ಪ್ಲಮ್ ಮುರಬ್ಬ ಕಳಿಸಿದ್ದೇನೆ, ಜಾಸ್ತಿ ಕೊಡಬೇಡ. ದೇವರು ನಿಮ್ಮೆಲ್ಲರನ್ನೂ ಕಾಯಲಿ. ನಿಮ್ಮಪ್ಪನೆದುರು ನಾನು ದೇವರ ಹೆಸರೆತ್ತುವುದಿಲ್ಲ, ಇಲ್ಲಿ ಬರೆದೆ.

ನಿನ್ನ ಅಮ್ಮ,
ಹಾಫಿಯಾ

ತಾ.ಕ.: ಯೊಲಾನಾ, ಇದು ಅಪ್ಪ. ನಿಮ್ಮಮ್ಮ ಮುರಬ್ಬದ ಡಬ್ಬಿ ಕಟ್ಟುತ್ತಿದ್ದಾಳೆ, ಅವಳಿಗೆ ಹೇಳಿಲ್ಲ. ರೈಲ್ವೆ ಯಾರ್ಡಿನ ತುಂಬ ಟ್ಯಾಂಕುಗಳಿವೆ, ಎಲ್ಲ ನಿಮ್ಮ ಕಡೆಗೇ. ಈ ವಾರ ರೇಡಿಯೋ ಕಟ್ಟಡಕ್ಕೆ ಕಾಲಿಡಬೇಡ. ಮಗುವನ್ನು ಎತ್ತಿಕೊಂಡು ನಿನ್ನ ಅತ್ತೆಯ ಹಳ್ಳಿಗೆ ಹೋಗು, ದೊಡ್ಡ ರಸ್ತೆ ಬೇಡ. ಓದಿ ಸುಟ್ಟುಬಿಡು. ನಾಡಿದ್ದು ಬೆಳಿಗ್ಗೆ ವಾರ್ತೆಯಲ್ಲಿ ಬೇರೆಯವರ ದನಿ ಬಂದರೆ ನೀನು ಹೊರಟೆಯೆಂದು ತಿಳಿದುಕೊಳ್ಳುತ್ತೇನೆ.