ಬುಕ್ಕಸಾಗರದ ಗೋಡೆಗೆ ಗಿಲಾವು ಹಚ್ಚುವ ಮುನ್ನ

ಜೀವಿನಕ್ಷೆ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ಪ್ರಕಟಿಸಿದ ಕಾಡುಜೇನುಗಳ ನಕ್ಷೆಯಲ್ಲಿ ಇಲ್ಲದ ಹುಳ ನಮ್ಮತ್ತೆಯ ಮನೆಯ ಗೋಡೆಯಲ್ಲಿದೆ. ನಕ್ಷೆಯಲ್ಲಿ ಇರುವ ಹುಳ ಭೂಮಿಯ ಮೇಲೆ ಎಲ್ಲೂ ಇಲ್ಲ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಆ ನಕ್ಷೆಯನ್ನು ನಂಬಿಕೊಂಡು ಗ್ರಾಮ ಸೌಂದರ್ಯ ಯೋಜನೆಯವರು ಬುಕ್ಕಸಾಗರದಲ್ಲಿರುವ ನಮ್ಮತ್ತೆ ಅಕ್ಕನಾಗಮ್ಮನವರ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹಚ್ಚಲು ಹೊರಟಿದ್ದಾರೆ. ಗಿಲಾವು ಒಣಗಿದ ಮೇಲೆ ಹಂಪಿಗೆ ಹೋಗುವ ಪ್ರವಾಸಿಗರ ಕಣ್ಣಿಗೆ ಬೀಳುವಂತೆ ಅದರ ಮೇಲೆ ‘ಜೇನು ಉಳಿಸಿ’ ಎಂದು ಬರೆದು, ಪಕ್ಕದಲ್ಲಿ ಆಳೆತ್ತರದ ಜೇನುಹುಳದ ಚಿತ್ರ ಬಿಡಿಸುತ್ತಾರಂತೆ. ಒಳಗಿನ ಜೇನು ಉಸಿರುಗಟ್ಟಿ ಸತ್ತರೇನಂತೆ, ಹೊರಗಿನ ಜೇನಿಗೆ ಬಣ್ಣ ಚೆನ್ನಾಗಿಯೇ ಹಿಡಿಯುತ್ತದೆ.

ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ಪಾರ್ಲರಿನವಳಿಗೂ ಜೇನುಹುಳಕ್ಕೂ ಏನು ಸಂಬಂಧ ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ಹುಬ್ಬು ನನ್ನ ಕಸುಬೇ. ನಮ್ಮಲ್ಲಿಗೆ ಬರುವ ಪ್ರಾಣಿಶಾಸ್ತ್ರದ ಉಪನ್ಯಾಸಕಿ ಅಂಜಲಿ ಮೇಡಂ ಒಮ್ಮೆ ಹುಬ್ಬು ತಿದ್ದಿಸಿಕೊಳ್ಳುತ್ತಾ, ಒಂದೇ ಬಳಗದ ಜೇನುಗಳನ್ನು ಬೇರೆ ಬೇರೆ ಎಂದು ಗುರುತಿಸುವುದು ಬಹುಪಾಲು ಕೂದಲು ನೋಡುವ ಕೆಲಸ ಎಂದರು. ಕಾಲಿನ ಮೇಲೆ ಯಾವ ಬಣ್ಣದ ಕೂದಲು, ಮುಖದ ಮೇಲೆ ಎಷ್ಟು ದಟ್ಟ, ಬೆನ್ನಿನ ಮೇಲೆ ಎಲ್ಲಿಯವರೆಗೆ, ಇಷ್ಟೇ ಅಂತೆ. ಹಾಗಿದ್ದರೆ ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಏನು ಎಂದು ಕೇಳಿದೆ. ಮುಂದಿನ ಭಾನುವಾರವೇ ಅವರನ್ನು ಬುಕ್ಕಸಾಗರಕ್ಕೆ ಕರೆದುಕೊಂಡು ಹೋದೆ, ಯಾಕೆಂದರೆ ನಮ್ಮತ್ತೆಯ ಹಿತ್ತಲಿನ ಬದನೆ ಹೂವಿಗೆ ಬರುವ ಹುಳ ನನಗೆ ಬಹಳ ದಿನದಿಂದ ತಲೆ ತಿನ್ನುತ್ತಿತ್ತು.

ಅದು ನೀಲಿಪಟ್ಟಿ ಜೇನು. ಹೆಜ್ಜೇನಿನಂತೆ ಗೋಪುರಕ್ಕೆ ಜೋತುಬಿದ್ದು ಊರನ್ನು ಹೆದರಿಸುವುದಿಲ್ಲ, ತುಪ್ಪ ಕೊಡುವುದಿಲ್ಲ, ರಾಣಿ ದರ್ಬಾರು ಏನೂ ಇಲ್ಲ. ಒಂದೊಂದು ಹೆಣ್ಣೂ ತಾನೇ ಮಣ್ಣು ಕೊರೆದು, ತಾನೇ ತತ್ತಿಯಿಟ್ಟು, ತಾನೇ ದುಡಿದು ತಿನ್ನುವ ಜಾತಿ. ಬದನೆ ಹೂವನ್ನು ಅಪ್ಪಿ ಹಿಡಿದು ಮೈಯೆಲ್ಲ ಝೇಂಕರಿಸಿತೆಂದರೆ ಪರಾಗ ಉದುರಿ ಕಾಯಿ ಕಟ್ಟುತ್ತದೆ. ಅಂಜಲಿ ಮೇಡಂ ನೋಡಿ, ಗೋಡೆಯಲ್ಲಿರುವುದು ಒಂದಲ್ಲ, ಎರಡು ಜಾತಿ ಎಂದರು. ಒಂದರ ಹೊಟ್ಟೆಯ ಪಟ್ಟಿ ನೀಲಿ, ಇನ್ನೊಂದರದು ಹಸಿರು. ಕೇಳಲು ಸುಲಭ. ನೋಡಹೋದರೆ ನೆರಳಲ್ಲಿ ನೀಲಿಯಾಗಿದ್ದದ್ದು ಬಿಸಿಲಿಗೆ ಬಂದು ಹಸಿರಾಗುತ್ತದೆ, ಹಸಿರಾಗಿದ್ದದ್ದು ಸಂಜೆಗೆ ನೀಲಿಯಾಗುತ್ತದೆ, ರೇಷ್ಮೆ ಸೀರೆಯ ಹಾಗೆ. ಕೊನೆಗೆ ಹಿಂಗಾಲಿನ ಕೂದಲಿನಿಂದಲೇ ಬೇರೆ ಮಾಡಬೇಕಾಯಿತು. ಆ ಫೋಟೋಗಳನ್ನು ಮೇಡಂ ತಮ್ಮ ಗುರುಗಳಿಗೆ ಕಳಿಸಿ ಖಾತ್ರಿ ಮಾಡಿಕೊಂಡರು. ನೀಲಿಯದು ಕಾಲುವೆ ದಂಡೆ, ಹೊಲದ ಬದು ಎಲ್ಲಿಯಾದರೂ ಗೂಡು ಮಾಡುತ್ತದೆ. ಹಸಿರಿನದು ಸ್ವಲ್ಪ ಮಡಿ, ನಾವು ಕಂಡ ಮಟ್ಟಿಗೆ ಅದಕ್ಕೆ ಹಳೆಯ ಮಣ್ಣಿನ ಗೋಡೆಯೇ ಆಗಬೇಕು. ಕಂಪ್ಲಿಯಿಂದ ಹಂಪಿಯವರೆಗೆ ಹುಡುಕಿದೆವು. ಅಂಥ ಗೋಡೆಗಳು ಬೆರಳೆಣಿಕೆಯಷ್ಟು ಉಳಿದಿವೆ, ಅದರಲ್ಲಿ ದೊಡ್ಡದು ನಮ್ಮತ್ತೆಯದು.

ಇನ್ನು ನಿಮ್ಮ ನಕ್ಷೆಗೆ ಬರೋಣ. ಅದರಲ್ಲಿ ಸಂಡೂರು ತಾಲ್ಲೂಕಿನ ವಡ್ಡು ಊರಿನ ಮೇಲೆ ಕೆಂಪು ಬಣ್ಣದ ದೊಡ್ಡ ವೃತ್ತ ಎಳೆದು, ‘ಕೆಂಪು ರೋಮದ ಜೇನು, ಅಪರೂಪ’ ಎಂದು ಬರೆದಿದ್ದೀರಿ. ಈ ಅಪರೂಪದ ಜೀವಿಯ ಹುಟ್ಟು ನನಗೆ ಗೊತ್ತು, ಅದು ಹುಟ್ಟಿದ್ದು ನನ್ನ ತವರಿನ ಅಂಗಳದಲ್ಲಿ, ಹಡೆದವರು ನನ್ನ ಯಜಮಾನರು. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಶಂಭುಲಿಂಗ ಎಂಬ ಈ ಸದ್ಗೃಹಸ್ಥರು ಮಾವನ ಮನೆಯಲ್ಲಿ ಊಟಕ್ಕೆ ಕೈ ತೊಳೆಯಲು ಹೋದವರು ತುಳಸಿ ಗಿಡದ ಮೇಲೆ ಕೆಂಪು ಜೇನು ಕಂಡು, “ಪೂಜಿ, ಜಲ್ದಿ ಬಾ. ಹೊಸಾ ಜಾತಿ ಸಿಕ್ಕೈತಿ. ಇದಕ್ಕ ನನ್ನ ಹೆಸರ ಇಡಬೇಕು” ಎಂದರು. ತಾಟಿನಲ್ಲಿ ಅನ್ನ ಆರುವಷ್ಟರಲ್ಲಿ ಫೋಟೋ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋಗಿತ್ತು. ಅಲ್ಲಿಂದ ನಿಮ್ಮ ನಕ್ಷೆಗೆ ಬಂತು.

ನಕ್ಷೆ ಕಂಡ ಮೇಲೆ ವಡ್ಡುವಿನಿಂದ ಅಂಥದೇ ಒಂದು ಹುಳವನ್ನು ಗಾಜಿನ ಲೋಟದಲ್ಲಿ ಪಾರ್ಲರಿಗೆ ತಂದು, ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮಂಕಾದ ಮೇಲೆ, ಕೆನ್ನೆಗೆ ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ಷಿನಿಂದ ನಿಧಾನವಾಗಿ ಸವರಿದೆ. ಬಿಳಿ ಟವೆಲ್ಲಿನ ಮೇಲೆ ಅದಿರಿನ ಕೆಂಪು ದೂಳು ಉದುರಿತು. ಕೆಳಗೆ ಲಕ್ಷಣವಾಗಿ ನೀಲಿ ಪಟ್ಟಿ ಇತ್ತು. ಮುಖಕ್ಕೆ ಪ್ಯಾಕ್ ಹಾಕಿಸಿಕೊಂಡು ಕೂತಿದ್ದ ಹೆಂಗಸರು ನಗು ತಡೆಯಲಾರದೆ ಪ್ಯಾಕ್ ಬಿರುಕು ಬಿಟ್ಟುಕೊಂಡರು. ಹುಳವಂತೂ ಉಚಿತ ಸೇವೆ ಪಡೆದು ಕನ್ನಡಿಗೆ ಒಂದು ಸುತ್ತು ಹಾಕಿ ಹೊರಗೆ ಹೋಯಿತು. ವಡ್ಡುವಿನಲ್ಲಿ ಅದಿರಿನ ಲಾರಿ ಓಡಾಡಿ ಎಲೆ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಲುಂಗಿ ಕೆಂಪು. ಈ ಲೆಕ್ಕದಲ್ಲಿ ನೀವು ಕೆಂಪು ಎಮ್ಮೆ ಎಂಬ ಹೊಸ ಜಾತಿಯನ್ನೂ ನಕ್ಷೆಗೆ ಸೇರಿಸಬಹುದಿತ್ತಲ್ಲವೇ?

ನಮ್ಮ ಯಜಮಾನರು ತಪ್ಪು ಒಪ್ಪಿಕೊಂಡು ನಿಮ್ಮ ಕಚೇರಿಗೇ ಬಂದರು. ಅಷ್ಟು ಪ್ರೀತಿಯಿಂದ ಕಂಡುಹಿಡಿದದ್ದನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ, ನಾನೂ ಜೊತೆಗಿದ್ದೆ. ನಿಮ್ಮ ಗುಮಾಸ್ತರು ಬಹಳ ಮರ್ಯಾದೆಯಿಂದ “ಕುಂದ್ರಿ” ಎಂದರು, ಎಲ್ಲ ಕೇಳಿಸಿಕೊಂಡರು. ಆಮೇಲೆ, “ಅಲ್ರೀ ಸಾಹುಕಾರ್ರ, ಪ್ರಿಂಟ್ ಆಗೇತಿ. ಈಗ ಹುಳ ತಗೀರಿ ಅಂದ್ರ ಹೆಂಗ ತಗೀಲಿ? ಸೇರ್ಸಾಕ ಅವಕಾಶ ಐತಿ, ತಗಿಯಾಕ ಇಲ್ಲ” ಎಂದರು.

“ಹಂಗಾರ ಬುಕ್ಕಸಾಗರಕ್ಕ ಹಸಿರು ಪಟ್ಟೀದು ಸೇರ್ಸ್ರಿ” ಎಂದೆ ನಾನು.

“ಅದು ಬರಂಗಿಲ್ರಿ ಮೇಡಂ. ಅದು ಕಂಪ್ಲಿ ಹುಳ. ಕಂಪ್ಲಿ ಬಳ್ಳಾರಿ ಜಿಲ್ಲಾಕ್ಕ ಬರ್ತೈತಿ, ಬುಕ್ಕಸಾಗರ ವಿಜಯನಗರಕ್ಕ. ಆ ಜಿಲ್ಲಾದ್ದು ಈ ಜಿಲ್ಲಾಕ್ಕ ಹಾಕಾಕ ನಮಗ ಅಧಿಕಾರ ಇಲ್ಲ.”

ಮಾನ್ಯರೇ, ನಕ್ಷೆ ತೆಗೆದು ನೋಡಿದೆ. ನಿಜವಾಗಿಯೂ ಹಸಿರುಪಟ್ಟಿ ಜೇನಿನ ವ್ಯಾಪ್ತಿ ಕಂಪ್ಲಿಯಿಂದ ಹಾಯಾಗಿ ಹರಡಿಕೊಂಡು ಬಂದು ಜಿಲ್ಲೆಯ ಗಡಿ ಮುಟ್ಟಿದ ಕೂಡಲೇ ಕತ್ತರಿಸಿದಂತೆ ನಿಂತಿದೆ. ಜಿಲ್ಲೆ ಒಡೆದಾಗ ನೌಕರರಿಗೆ ಇಲ್ಲಿ ಇರುತ್ತೀರೋ ಅಲ್ಲಿಗೆ ಹೋಗುತ್ತೀರೋ ಎಂದು ಕೇಳಿದ್ದರು. ಜೇನುಗಳನ್ನೂ ಕೇಳಿದ್ದಿರಾ? ಅವು ಒಕ್ಕೊರಲಿನಿಂದ ಬಳ್ಳಾರಿ ಎಂದವೇ? ನಡುವೆ ಇರುವುದು ಬಾಳೆ ತೋಟ, ಭತ್ತದ ಗದ್ದೆ, ಎರಡು ಕಡೆಗೂ ನೀರು ಕೊಡುವ ಒಂದೇ ಹೊಳೆ. ನಮ್ಮತ್ತೆಯ ಬದನೆ ಹೂವಿಗೆ ಬರುವ ಹುಳ ವರ್ಗಾವಣೆ ಪತ್ರ ಹಿಡಿದುಕೊಂಡು ಬರಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಇಲ್ಲದ ಹುಳಕ್ಕೆ ನೀವು ವೃತ್ತ ಕೊಟ್ಟಿರಿ, ಇರುವ ಹುಳಕ್ಕೆ ಗಡಿ ಹಾಕಿದಿರಿ, ಆ ಖಾಲಿ ಜಾಗ ನೋಡಿಯೇ ಸೌಂದರ್ಯ ಯೋಜನೆಯವರು ಸಿಮೆಂಟ್ ಕಲಸಿದರು. ಇದು ತಮಾಷೆಯಾಗಿ ಉಳಿದಿಲ್ಲ.

ಕಳೆದ ವಾರ ಗೌಂಡಿ ಹುಲುಗಪ್ಪ ಆಳುಗಳೊಂದಿಗೆ ಬಂದೇಬಿಟ್ಟ. ಅವನು ಅದೇ ಊರಿನವನು, ಒಳ್ಳೆಯ ಕೆಲಸಗಾರ. ಯೋಜನೆಯ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದರು. ನಾನು ಅಂಜಲಿ ಮೇಡಂ ಕೊಟ್ಟ ಪತ್ರ ಓದಲು ಶುರುಮಾಡಿದೆ. ಹಿಂಗಾಲಿನ ಕೂದಲಿನವರೆಗೆ ಬರುವಷ್ಟರಲ್ಲಿ ಸೂಪರ್‌ವೈಸರ್ ಆಕಳಿಸಿದರು. ಆಗ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು.

“ಹುಲುಗಪ್ಪ, ಬಸುರಿ ಇದ್ದ ಮನಿಗೆ ಹಾರಿ-ಗುದ್ಲಿ ಮುಟ್ಟಿಸ್ತೀರೇನಪಾ ನೀವು?”

“ಇಲ್ರೀ ಅವ್ವಾರ. ಕೆಡವಾಂಗೂ ಇಲ್ಲ, ಕಟ್ಟಾಂಗೂ ಇಲ್ಲ. ಯಾಕ್ರೀ, ಸೊಸಿಗೇನರ ವಿಶೇಷ ಐತೇನು?”

“ಸೊಸೀದಲ್ಲೋ, ಗೋಡೀದು. ಬಗ್ಗಿ ನೋಡಿಲ್ಲಿ. ತಾಯಿ ತತ್ತಿ ಇಟ್ಟು, ಕೂಸಿಗೆ ಉಣ್ಣಾಕ ಇಟ್ಟು, ಮಣ್ಣಿಲೆ ಬಾಗ್ಲ ಮೆತ್ತಿ ಹೋಗ್ಯಾಳ. ಒಳಗ ಕೂಸು ಅದಾವು.”

ಹುಲುಗಪ್ಪ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಕರಣೆ ತೊಳೆದು ಚೀಲಕ್ಕೆ ಹಾಕಿದ. “ನಮ್ಮನ್ಯಾಗ ಸೊಸಿ ತುಂಬಿದ ಬಸುರಿ ಅದಾಳ್ರಿ ಸಾಹೇಬ್ರ. ಈ ಕೆಲಸ ನಾ ಒಲ್ಲೆ” ಎಂದ. ಆಳುಗಳೂ ಪುಟ್ಟಿ ಕೆಳಗಿಟ್ಟರು.

“ಏ, ಮ್ಯಾಪಿನಾಗ ಹುಳಾನ ಇಲ್ಲ, ಎಲ್ಲೀ ಬಸುರಿನೋ?” ಎಂದು ಸೂಪರ್‌ವೈಸರ್ ರೇಗಿದರು. ಕೊನೆಗೆ, ಜೀವಿನಕ್ಷೆ ಅಧಿಕಾರಿಗಳಿಂದ ಲಿಖಿತ ಆದೇಶ ತಂದರೆ ಬಿಡುತ್ತೇನೆ, ಇಲ್ಲದಿದ್ದರೆ ಬರುವ ಸೋಮವಾರ ಬೇರೆ ಊರಿನ ಗೌಂಡಿಗಳನ್ನು ಕರೆತಂದು ಮುಗಿಸುತ್ತೇನೆ ಎಂದು ಹೇಳಿ ಹೋದರು. ಅಂದಿನಿಂದ ನಮ್ಮತ್ತೆ ಮಗನ ಮನೆಗೂ ಬರುತ್ತಿಲ್ಲ, ಗೋಡೆ ಬಿಟ್ಟು ಕದಲುತ್ತಿಲ್ಲ. ಅವರ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ. ಸೊಸೆಗೆ ಅತ್ತೆಯ ಬಗ್ಗೆ ಸಂಕಟವಾಗುವುದು ಎಷ್ಟು ಅಪರೂಪವೆಂದು ನಿಮ್ಮ ಮನೆಯಲ್ಲಿ ಕೇಳಿ ನೋಡಿ.

ನಮ್ಮ ಬೇಡಿಕೆ ದೊಡ್ಡದಲ್ಲ. ವಡ್ಡುವಿನ ಕೆಂಪು ವೃತ್ತ ಅಳಿಸಿ. ಕಂಪ್ಲಿಯಲ್ಲಿ ನಿಲ್ಲಿಸಿದ ಗೆರೆಯನ್ನು ಬುಕ್ಕಸಾಗರಕ್ಕೆ ಎಳೆಯಿರಿ, ಜಿಲ್ಲೆಗಳ ಅಧಿಕಾರ ಅಡ್ಡ ಬಂದರೆ ಎರಡೂ ಕಚೇರಿಯವರು ಗಡಿಯಲ್ಲಿ ಕೂತು ಒಂದು ಚಹಾ ಕುಡಿಯಿರಿ, ಖರ್ಚು ನಮ್ಮದು. ಗೋಡೆಯನ್ನು ಮಣ್ಣಾಗಿಯೇ ಬಿಡಲು ಬರೆದುಕೊಡಿ. ಚಿತ್ರ ಬಿಡಿಸಲೇಬೇಕೆಂದಿದ್ದರೆ ಎದುರಿಗೆ ನಮ್ಮ ಯಜಮಾನರ ಗೋದಾಮಿನ ಸಿಮೆಂಟ್ ಗೋಡೆಯಿದೆ, ಅದರ ಮೇಲೆ ಕೆಂಪು ಜೇನನ್ನೇ ಬಿಡಿಸಿ, ಅವರಿಗೂ ಸಮಾಧಾನವಾದೀತು.

ಭಾನುವಾರ ನಮ್ಮತ್ತೆ ಗೋಡೆಗೆ ಕುಬಸ ಮಾಡುತ್ತಿದ್ದಾರೆ, ಬಸುರಿಗೆ ಮಾಡುವ ಸೀಮಂತವೇ. ಕೇರಿಯ ಹೆಂಗಸರೆಲ್ಲ ಬರುತ್ತಾರೆ, ಹುಲುಗಪ್ಪನ ಸೊಸೆಗೂ ಪಕ್ಕದಲ್ಲೇ ಮಣೆ ಹಾಕುತ್ತೇವೆ. ಹೋಳಿಗೆ ಇದೆ, ಹಿತ್ತಲಿನ ಬದನೆಯ ಎಣ್ಣೆಗಾಯಿ ಇದೆ. ತಾವೂ ದಯಮಾಡಿಸಬೇಕು. ಆದರೆ ಒಂದು ಮಾತು, ಬಸುರಿಯನ್ನು ನೋಡಲು ಬರಿಗೈಯಲ್ಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಆದೇಶವನ್ನು ಬರೆದು, ಸಹಿ ಹಾಕಿ, ಕೈಯಲ್ಲಿ ಹಿಡಿದುಕೊಂಡೇ ಬನ್ನಿ.

ಇಂತಿ,
ನಿಮ್ಮ ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗದ ಸೊಸೆ,
ಪೂಜಿತಾ
ಚಿತ್ತವಾಡ್ಗಿ, ಹೊಸಪೇಟೆ