ಚೀಟಿ ಇಲ್ಲದ ಸೀರೆ

ರಾಜಾಜಿನಗರ
18 ಜುಲೈ 2025

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಶುಗರ್ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ನೀನು ಫೋನ್ ಎತ್ತದೆ ಇಪ್ಪತ್ತಮೂರು ದಿನವಾಯಿತು. ಕೆಂಗೇರಿ ಏನೂ ದೂರವಲ್ಲ, ಮೆಟ್ರೋ ಹತ್ತಿದರೆ ಆಯಿತು. ಬಂದಾಗ ನೀನು ಬಾಗಿಲು ತೆಗೆಯದೇ ಇದ್ದರೆ ಎಂಬ ಹೆದರಿಕೆಗೆ ಈ ಕಾಗದ.

ಅಮ್ಮ ಹೋದಮೇಲೆ ನಮ್ಮ ಹೊಲಿಗೆ ಅಂಗಡಿಯ ಬೀರು ಖಾಲಿ ಮಾಡುವಾಗ ಅವಳ ಮದುವೆಯ ನೇರಳೆ ರೇಷ್ಮೆ ಸೀರೆ ಸಿಕ್ಕಿತು. ಅದಕ್ಕೆ ಚೀಟಿ ಇರಲಿಲ್ಲ. ಗಿರಾಕಿಗಳ ಬಟ್ಟೆಗೆ ಹೆಸರಿನ ಚೀಟಿ ಚುಚ್ಚುತ್ತೇವೆ, ಮನೆಯವರದ್ದಕ್ಕೆ ಇಲ್ಲ, ನಿನಗೇ ಗೊತ್ತು. ಹಾಗಾಗಿ ನನಗೆ ಉಳಿದದ್ದು ಅಂದುಕೊಂಡೆ. ಅಮ್ಮ ಅದನ್ನು ನಿನಗೆ ಎಂದೋ ಕೊಟ್ಟಿದ್ದಳು, ನಿನ್ನ ಮಗಳು ಮೇಧಾಳ ಮದುವೆಗೆಂದು ನೀನೇ ಹೊಸ ಫಾಲ್ ಹಾಕಿಸಲು ಅಮ್ಮನ ಕೈಗೆ ತಂದುಕೊಟ್ಟು ಹೋಗಿದ್ದೆ ಎನ್ನುವುದು ಆಗ ನನಗೆ ತಿಳಿದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಬೇಡ ಅಂದುಬಿಡುತ್ತೀಯ ಅಂತಲೇ ಕೇಳಲಿಲ್ಲ.

ಮೂವತ್ತು ವರ್ಷ ಊರವರ ಬ್ಲೌಸ್ ಹೊಲಿದವಳಿಗೆ, ಯಾರೂ ತೊಡಲಾಗದ, ತನ್ನಷ್ಟಕ್ಕೆ ತಾನೇ ನಿಲ್ಲುವ ಉಡುಪೊಂದನ್ನು ಮಾಡುವ ಹುಚ್ಚು ಹತ್ತಿತ್ತು. ಅಮ್ಮನ ಅಳತೆ ಬ್ಲೌಸ್ ಎದುರಿಗಿಟ್ಟುಕೊಂಡು ಸೀರೆಯನ್ನು ಆರು ತುಂಡು ಮಾಡಿದೆ. ಒಳಗೆ ಬೆತ್ತ ಕಟ್ಟಿ, ಗಟ್ಟಿ ಅಕ್ಕಿಗಂಜಿಯಲ್ಲಿ ಅದ್ದಿ ಅದ್ದಿ ಒಣಗಿಸಿದೆ. ಮೆಷಿನ್ ಮುಂದೆ ಬಗ್ಗುವ ಅಮ್ಮನ ಬೆನ್ನು ಹಾಗೇ ಬಂತು, ಒಳಗೆ ಅಮ್ಮ ಇರಲಿಲ್ಲ ಅಷ್ಟೇ. ಒಂದೇ ಒಂದು ಕಡೆ ಅಮ್ಮನ ಅಳತೆ ಬದಲಿಸಿದೆ. "ಎಡಗಡೆ ಭುಜ ಅರ್ಧ ಇಂಚು ಇಳ್ಸಿ ಹೊಲಿ ಕಣೇ, ನಂದು ಸೊಟ್ಟ" ಎನ್ನುತ್ತಿದ್ದಳಲ್ಲ, ನೋಡಿದವರು ನನ್ನ ಕೆಲಸವೇ ಸೊಟ್ಟ ಅಂದಾರು ಎಂದು ಎರಡೂ ಭುಜ ಸಮ ಮಾಡಿದೆ.

ಬಸವೇಶ್ವರನಗರದ ಕಲಾ ಪ್ರದರ್ಶನಕ್ಕೆ ಅದನ್ನು ಇಟ್ಟಿದ್ದೆ. ಪ್ರದರ್ಶನ ಏರ್ಪಡಿಸಿದ್ದ ಉದಯಕುಮಾರ್, "ಮೇಡಂ, ಇದು ಬಟ್ಟೇನಾ, ಶಿಲ್ಪಾನಾ?" ಎಂದು ಕೇಳಿದಾಗ ನಾನು ಉಬ್ಬಿಹೋಗಿದ್ದೆ. ಅಷ್ಟರಲ್ಲಿ ನೀನು ಬಂದೆ, ಸೀರೆಯ ಅಂಚು ಗುರುತು ಹಿಡಿದೆ. "ಅಮ್ಮನ್ನ ಬೊಂಬೆ ಮಾಡಿ ನಿಲ್ಲಿಸ್ಬಿಟ್ಯಲ್ಲೇ. ಅಮ್ಮ ನಂಗೆ ಕೊಟ್ಟಿದ್ ಸೀರೆ ಕಣೇ, ಫಾಲ್ ಹಾಕ್ಸೋಕೆ ಅಂತ ಕೊಟ್ಟಿದ್ದೆ. ನನ್ನ ಮಗಳು ಏನ್ ಉಟ್ಕೋಬೇಕು?" ಎಂದು ಹೇಳಿ ಹೊರಟೇಹೋದೆ.

ಗಂಜಿ ನೀರಿಗೆ ಬಿಟ್ಟುಕೊಳ್ಳುತ್ತದೆ ಅಕ್ಕಾ. ಪ್ರದರ್ಶನ ಮುಗಿದು ಅದೀಗ ಮನೆಯಲ್ಲೇ ನಿಂತಿದೆ. ಭಾನುವಾರ ಅದನ್ನು ನೆನೆಸಿ, ಬಿಡಿಸಿ, ಆರೂ ತುಂಡು ಕೂಡಿಸಿ ಹೊಲಿಯುತ್ತೇನೆ. ಹೊಲಿಗೆ ನೆರಿಗೆಯೊಳಗೆ ಅಡಗಿಸುತ್ತೇನೆ. ಮೇಧಾ ಅದನ್ನು ಉಟ್ಟೇ ಹಸೆಗೆ ಕೂರಲಿ.

ಭಾವನಿಗೆ ನಮಸ್ಕಾರ. ಮೇಧಾಳಿಗೆ ಚಿಕ್ಕಮ್ಮನ ಆಶೀರ್ವಾದ, ಅವಳಿಗೆ ಬೇಕಿದ್ದರೆ.

ನಿನ್ನ ತಂಗಿ,
ವತ್ಸಲಾ

ತಾ.ಕ.: ಕವರ್ ಅಂಟಿಸಲು ಎದ್ದಾಗ ನೋಡಿದೆ. ನಾಲ್ಕು ದಿನದ ಮಳೆ ಥಂಡಿಗೆ ಗಂಜಿ ಮೆತ್ತಗಾಗಿ ಆ ಉಡುಪಿನ ಎಡಭುಜ ಇಳಿದಿದೆ. ಟೇಪ್ ಹಿಡಿದೆ, ಸರಿಯಾಗಿ ಅರ್ಧ ಇಂಚು. ಈಗ ಅದು ಅಮ್ಮನೇ. ನನ್ನ ಕೈಯಲ್ಲಿ ನೀರಿಗೆ ಹಾಕಲು ಆಗುವುದಿಲ್ಲ ಅಕ್ಕಾ. ಬಕೆಟ್ ತುಂಬಿಸಿಟ್ಟಿರುತ್ತೇನೆ, ನೀನೇ ಬಂದು ನೆನೆಸು.