‘ಸ್ವಭಾವ’ ಎಂದು ನೀವು ಬರೆದದ್ದು

ಆಸ್ಪತ್ರೆಯ ಅಧೀಕ್ಷಕರೇ,

ಈ ಪತ್ರದ ಮೊದಲ ಕರಡಿನಲ್ಲಿ ‘ಅಪ್ಪನ ವರ್ತನೆ ಬದಲಾಯಿತು’ ಎಂದಷ್ಟೇ ಬರೆದು, ಮರ್ಯಾದೆಗೆ ಅಂಜಿ ಉಳಿದದ್ದನ್ನು ನುಂಗಿಕೊಂಡಿದ್ದೆ. ನಿಮ್ಮ ಕಚೇರಿ ನೆಮ್ಮದಿಯಾಗಿರುವುದೇ ನಮ್ಮಂಥವರು ಹೀಗೆ ನುಂಗಿಕೊಳ್ಳುವುದರಿಂದ ಅಲ್ಲವೇ? ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ಅಳತೆ ತೆಗೆಯುವಾಗ ನನ್ನ ಅಪ್ಪ ಒಬ್ಬ ಹೆಂಗಸಿನ ಮೈಮೇಲೆ ಕೈಯಾಡಿಸಿದರು.

ಅಪ್ಪ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಟೇಪು ಹಿಡಿದರೆ ಅವರ ಕಣ್ಣು ಅಂಕಿ ಬಿಟ್ಟು ಕದಲುತ್ತಿರಲಿಲ್ಲ. ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗಳು ಅಪ್ಪನ ಅಂಗಡಿಗೇ ಬರುತ್ತಿದ್ದುದು ಆ ನಂಬಿಕೆಯಿಂದ. ಪಾರ್ಕಿನ್ಸನ್ ಕಾಯಿಲೆಯಿಂದ ಸೂಜಿಗೆ ದಾರ ಪೋಣಿಸಲೂ ಆಗದಾದಾಗ ನಿಮ್ಮಲ್ಲಿಗೆ ಕರೆತಂದೆವು. ಮಾತ್ರೆ ಕೊಟ್ಟಿರಿ, ನಡುಕ ತಗ್ಗಿತು, ಕೈಮುಗಿದೆವು. ಕೆಲವು ತಿಂಗಳಲ್ಲಿ ಆ ಕೈಗೆ ಲಂಗುಲಗಾಮಿಲ್ಲದಾಯಿತು. ಈ ಬಗೆಯ ಮಾತ್ರೆ ಕೆಲವರಲ್ಲಿ ಕಾಮವನ್ನೋ ಜೂಜಿನ ಹುಚ್ಚನ್ನೋ ಕೆರಳಿಸಬಹುದೆಂದು ವೈದ್ಯರಿಗೆಲ್ಲ ಗೊತ್ತು. ನಮಗೆ ಹೇಳಿದ್ದು ಮಾತ್ರ, ‘ಊಟದ ನಂತರ ತಗೊಳ್ಳಿ.’

ತಿಳಿಸಲು ಹೋದರೆ ನಿಮ್ಮ ವೈದ್ಯರು ನಕ್ಕರು. “ಈ ವಯಸ್ಸಲ್ಲೂ ಯಜಮಾನ್ರು ಜೋರಾಗೇ ಇದ್ದಾರಲ್ರೀ! ಖುಷಿಪಡಿ.” ಅಳತೆ ಕೊಡಲು ಬಂದಿದ್ದ ಆಕೆಗೂ ಇದು ತಮಾಷೆಯೇ, ಸ್ವಾಮಿ? ತಪ್ಪನ್ನು ಮಾತ್ರೆಯ ಮೇಲೆ ಹಾಕಿದರೆ ಅವಳಿಗಾದ ಅವಮಾನ ಕರಗುತ್ತದೆಂದು ನಾನೂ ನಂಬಿಲ್ಲ. ದೂರು ಕೊಟ್ಟೆ. ನಿಮ್ಮ ಸಹಿಯೊಂದಿಗೆ ಉತ್ತರ ಬಂತು: ‘ರೋಗಿಯ ಸ್ವಭಾವಕ್ಕೆ ಆಸ್ಪತ್ರೆ ಹೊಣೆಯಲ್ಲ.’ ಎಂಥ ಅಚ್ಚುಕಟ್ಟು! ನಡುಕ ತಗ್ಗಿದರೆ ನಿಮ್ಮ ಔಷಧದ ಗುಣ, ಕೈ ಜಾರಿದರೆ ಅಪ್ಪನ ಸ್ವಭಾವ. ಆ ಸಾಲನ್ನು ಅಪ್ಪನೂ ಓದಿದರು.

ಬೇರೊಬ್ಬ ವೈದ್ಯೆ ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ನಡುಕ ಮರಳಿತು, ಅಪ್ಪನೂ ಮರಳಿದರು. ಆದರೆ ಅವರಿಗೆ ಎಲ್ಲವೂ ನೆನಪಿದೆ. ಈಗ ಹೆಂಗಸರು ಯಾರೇ ಒಳಗೆ ಬಂದರೂ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂರುತ್ತಾರೆ. ನಾನು ಬಂದರೂ.

“ಅದು ನಾನೇ ಏನಮ್ಮಾ?”

“ಅಲ್ಲಪ್ಪಾ, ಮಾತ್ರೆ.”

“ನೀನು ಮಗಳು, ಹಾಗೇ ಅಂತೀಯ. ಆಸ್ಪತ್ರೆಯವ್ರು ಹೇಳ್ಲಿ.”

ಹೇಳಿ. ‘ಸ್ವಭಾವ’ ಎಂಬ ಆ ಪದವನ್ನು ಹಿಂದಕ್ಕೆ ಪಡೆಯಿರಿ. ಮಾತ್ರೆಯ ಪಾಲೆಷ್ಟೆಂದು ಬರೆದು ಅಪ್ಪನಿಗೂ, ಆ ಹೆಂಗಸು ಒಪ್ಪಿದರೆ ಆಕೆಗೂ ಕಳಿಸಿ. ಇನ್ನು ಮುಂದೆ ಈ ಮಾತ್ರೆ ಕೊಡುವ ಮುನ್ನ ಮನೆಯವರನ್ನು ಕೂರಿಸಿ, ನಗದೆ, ಎಚ್ಚರಿಸಿ.

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲ ಪ್ಯಾರಾದಲ್ಲೇ ನಿಲ್ಲಿಸಿ, “ಈ ಸಾಲು ಹೊಡೆದುಹಾಕ್ಲಾ?” ಎಂದೆ.

“ಇರ್ಲಿ ಬಿಡು. ವಿಳಾಸ ನಾನೇ ಬರೀತೀನಿ.”

ಲಕೋಟೆಯ ಮೇಲಿನ ಅಕ್ಷರಗಳು ಸೊಟ್ಟಗಿವೆ. ಆದರೂ ಓದಲು ಬರುತ್ತವೆ.

ಇಂತಿ,
ಆ ಮಾತ್ರೆಯನ್ನು ತಪ್ಪದೆ ನುಂಗಿಸಿದ ಮಗಳು

ಅಂಚೆಗೆ ಹಾಕುವುದು: ಮಾರ್ಚ್ ೧೨, ಗುರುವಾರ